ಅಕ್ಕಿ ಡ್ರಮ್ಮಿನಲ್ಲಿ ಅತ್ತೆಯ ನಗು

ಹಗಲು ಹೊತ್ತಿನಲ್ಲಿ ಮಲಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ರಾತ್ರಿ ಎಂಬುದನ್ನು ಅಷ್ಟು ಉದ್ದವಾಗಿ, ಅಷ್ಟು ಕಪ್ಪಾಗಿ, ಅದೂ ಪುಕ್ಕಟೆಯಾಗಿ ಒದಗಿಸಿಕೊಟ್ಟಿರುವಾಗ, ಅದು ಸಾಲದೆಂದು ಹಗಲಿಗೂ ಕೈ ಹಾಕುವುದು ಶುದ್ಧ ದುರಾಸೆ ಎಂದೇ ನನ್ನ ಅಭಿಪ್ರಾಯ. ನಾನು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತನಾದವನು. ಊಟದ ನಂತರದ ಪೀರಿಯಡ್ಡಿನಲ್ಲಿ ಗಣಿತದವರು, ಇತಿಹಾಸದವರು ಸ್ಟಾಫ್ ರೂಮಿನ ಮೇಜಿಗೆ ಕೆನ್ನೆ ಅಂಟಿಸಿಕೊಂಡು ಬಿದ್ದಿರುತ್ತಿದ್ದಾಗ ನಾನು ಉರಿಬಿಸಿಲಲ್ಲಿ ಸೀಟಿ ಊದುತ್ತ ನೆಟ್ಟಗೆ ನಿಂತಿರುತ್ತಿದ್ದೆ. ಈಗಲೂ ನನ್ನ ದಿನ ಹಾಗೆಯೇ. ಸ್ನಾನ, ವಿಭೂತಿ, ಪೂಜೆ, ನಡಿಗೆ, ಪತ್ರಿಕೆ, ಊಟ ಎಲ್ಲವೂ ಒಂದರ ಹಿಂದೆ ಒಂದು ಸಾಲಾಗಿ ಬಂದು ನಿಂತು ಹಾಜರಿ ಹೇಳುತ್ತವೆ. ಊಟವಾದ ಮೇಲೆ ಮಾತ್ರ ಕೆಲವು ಸಲ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು ಯೋಚನೆ ಮಾಡುವುದುಂಟು. ನನ್ನ ಹೆಂಡತಿ ಮಂಗಳಾ ಇದನ್ನು ನಿದ್ದೆ ಎಂದು ಕರೆಯುತ್ತಾಳೆ. "ಗೊರಕೆ ಬೀದಿಗೆ ಕೇಳಿಸ್ತಿತ್ತು ಕಣ್ರೀ" ಎನ್ನುತ್ತಾಳೆ. "ಅದು ದೀರ್ಘ ಉಸಿರಾಟ ಮಾರಾಯ್ತಿ, ಪ್ರಾಣಾಯಾಮ ಮಾಡಿದೋರಿಗೆ ಬರುತ್ತೆ" ಎನ್ನುತ್ತೇನೆ ನಾನು. ಈ ಒಂದು ವಿಷಯ ಬಿಟ್ಟರೆ ನಮ್ಮದು ಬಹಳ ಹೊಂದಾಣಿಕೆಯ ಸಂಸಾರ.

ಹಗಲು ನಿದ್ದೆಯ ಮೇಲಿನ ನನ್ನ ಸಿಟ್ಟಿಗೆ ಕಾರಣವಿಲ್ಲದೆ ಇಲ್ಲ. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ನಮ್ಮ ಮನೆಯಲ್ಲಿ ಗಡಿಯಾರವಿತ್ತು, ಆದರೆ ಅದನ್ನು ಯಾರೂ ನೋಡುತ್ತಿರಲಿಲ್ಲ. ಸೈರನ್ ಕೂಗಿದರೆ ಏಳಬೇಕು, ಇನ್ನೊಂದು ಸಲ ಕೂಗಿದರೆ ಉಣ್ಣಬೇಕು, ಮತ್ತೊಂದು ಸಲ ಕೂಗಿದರೆ ಮಲಗಬೇಕು. ಅಪ್ಪನಿಗೆ ನೈಟ್ ಶಿಫ್ಟ್ ಬಂದ ವಾರ ಮನೆಯ ನಡುವೆ ಒಂದು ತುಂಡು ರಾತ್ರಿಯನ್ನು ತಂದು ಕೂರಿಸಿದ ಹಾಗಾಗುತ್ತಿತ್ತು. ಕಿಟಕಿಗೆ ಕಂಬಳಿ, ಬಾಗಿಲಿಗೆ ಬೆಡ್‌ಶೀಟು. ಒಳಗೆ ಅಪ್ಪ ಮಲಗಿದ್ದರೆ ಹೊರಗೆ ನಾವು ಮಕ್ಕಳು ತುದಿಗಾಲಲ್ಲಿ ಬದುಕುತ್ತಿದ್ದೆವು. ಆ ಕೋಣೆಯಲ್ಲೇ ನಮ್ಮ ಪಾಟಿಚೀಲ ಇರುತ್ತಿದ್ದುದರಿಂದ ದೀಪ ಹಾಕದೆ, ಸದ್ದು ಮಾಡದೆ, ಬರೀ ಕೈಯಿಂದ ತಡವಿ ನಮ್ಮ ನಮ್ಮ ಚೀಲ ಯಾವುದೆಂದು ಕಂಡುಹಿಡಿಯಬೇಕಿತ್ತು. ಅಮ್ಮ ಒಗ್ಗರಣೆಯ ಸಾಸಿವೆ ಸಿಡಿದರೆ ಅಪ್ಪನಿಗೆ ಎಚ್ಚರವಾಗುತ್ತದೆಂದು ಎಣ್ಣೆ ಕಾದ ಸೌಟನ್ನು ಹಿತ್ತಲಿಗೆ ಒಯ್ದು, ಅಲ್ಲಿ ಸಾಸಿವೆ ಹಾಕಿ, ಸದ್ದೆಲ್ಲ ತೀರಿದ ಮೇಲೆ ಒಳಗೆ ತರುತ್ತಿದ್ದಳು. ಒಬ್ಬ ಮನುಷ್ಯ ಹಗಲು ಮಲಗಿದರೆ ಇಡೀ ಮನೆ ಉಸಿರು ಹಿಡಿಯಬೇಕಾಗುತ್ತದೆ ಎಂಬುದನ್ನು ಕಂಡ ನಾನು, ದೊಡ್ಡವನಾದ ಮೇಲೆ ಹಗಲು ಕಣ್ಣು ಮುಚ್ಚುವುದಿಲ್ಲ ಎಂದು ಅಂದೇ ತೀರ್ಮಾನಿಸಿದ್ದೆ. ಯೋಚನೆ ಮಾಡುವಾಗ ಮುಚ್ಚುವುದು ಬೇರೆ.

ಈ ಪೀಠಿಕೆ ಏಕೆಂದರೆ, ನಾನು ಹೇಳಹೊರಟಿರುವುದು ಕ್ಯಾಮೆರಾದ ಫಿಲ್ಮನ್ನು ಮನೆಯಲ್ಲೇ ತೊಳೆಯಲು ಹೋದ ಕಥೆ. ಶಾಲೆಯ ಕ್ರೀಡಾಕೂಟಗಳಿಗೆಂದು ಒಂದು ಕಾಲದಲ್ಲಿ ಕೊಂಡ ಕ್ಯಾಮೆರಾ ನನ್ನ ಬಳಿ ಇದೆ. ಫಿಲ್ಮು ಹಾಕುವ ಜಾತಿಯದು. ಎಲ್ಲರೂ ಫೋನಿನಲ್ಲಿ ಅನ್ನ ಸಾರಿನಿಂದ ಹಿಡಿದು ಆಕಾಶದವರೆಗೆ ಕಂಡದ್ದನ್ನೆಲ್ಲ ಹಿಡಿದು ತುಂಬಿಕೊಳ್ಳುವ ಈ ಕಾಲದಲ್ಲಿ, ಒಂದೊಂದು ಚಿತ್ರಕ್ಕೂ ಆಲೋಚಿಸಿ ಗುಂಡಿ ಒತ್ತುವ ಶಿಸ್ತು ನನಗೆ ಹಿಡಿಸಿತು. ಈಗ ಕಪ್ಪುಬಿಳುಪು ಫಿಲ್ಮನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು. ಆದರೆ ನನ್ನ ಶಿಸ್ತಿನ ಒಂದು ತೊಂದರೆ ಏನೆಂದರೆ, ಅದು ಎದುರಿಗೆ ನಿಂತವರ ಮುಖಕ್ಕೂ ಹತ್ತಿಕೊಳ್ಳುತ್ತದೆ. ನಾನು ತೆಗೆದ ಫೋಟೊದಲ್ಲಿ ಮದುಮಕ್ಕಳು ಕೂಡ ಸಾವಧಾನ್ ಸ್ಥಿತಿಯಲ್ಲಿ ಇರುತ್ತಾರೆ.

ಜನ್ನಾಪುರದಲ್ಲಿರುವ ನನ್ನ ಅತ್ತೆ, ಅಂದರೆ ಮಂಗಳಾಳ ತಾಯಿ ನೀಲಮ್ಮನವರು, ಇದೇ ಕಾರಣಕ್ಕೆ ನನ್ನ ಕ್ಯಾಮೆರಾ ಕಂಡರೆ ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಅಂಥವರು ಈಚೆಗೆ ಒಂದು ದಿನ ತಾವಾಗಿಯೇ ಫೋನು ಮಾಡಿಸಿ ನಮ್ಮನ್ನು ಕರೆಸಿಕೊಂಡರು. ವಿಷಯವೇನೆಂದರೆ, ಅವರ ಬಾಯಲ್ಲಿ ಉಳಿದಿದ್ದುದು ಮೇಲಿನ ಎರಡೇ ಹಲ್ಲು. ಅವನ್ನೂ ಕಿತ್ತು ಪೂರ್ತಿ ಸೆಟ್ ಕೂರಿಸಬೇಕೆಂದು ಡಾಕ್ಟರು ಹೇಳಿದ್ದರು.

"ಅಳಿಯಂದ್ರೆ, ಇವು ಇರೋವಾಗ್ಲೇ ಒಂದು ಫೋಟೊ ತೆಗೀರಿ" ಎಂದರು ಅತ್ತೆ. "ಹುಟ್ಟಿದಾಗಿಂದ ನನ್ ಜೊತೇಲೇ ಇದಾವೆ. ಉಳಿದೋವೆಲ್ಲ ಬಿಟ್ಟು ಹೋದ್ರೂ ಇವೆರಡು ಹೋಗ್ಲಿಲ್ಲ. ಹಾಗೆ ಸುಮ್ನೆ ಕಳಿಸಿಬಿಡಕ್ಕಾಗುತ್ತಾ?"

"ಹುಟ್ಟಿದಾಗ ಹಲ್ಲಿತ್ತೇನಮ್ಮಾ?" ಎಂದಳು ಮಂಗಳಾ.

"ನೀನು ಸುಮ್ನಿರೆ. ನಿಂಗೇನ್ ಗೊತ್ತು, ಆಮೇಲೆ ಹುಟ್ಟಿದೋಳು."

ಅವರನ್ನು ಜಗುಲಿಯ ಬೆಂಚಿನ ಮೇಲೆ ಕೂರಿಸಿ ನಾನು ಚಿತ್ರಗಳನ್ನು ತೆಗೆದೆ. ಗಲ್ಲ ಮೇಲೆ, ಭುಜ ಹಿಂದೆ, ಕೈ ಮಂಡಿಯ ಮೇಲೆ ಎಂದು ಎಲ್ಲವನ್ನೂ ಸರಿಪಡಿಸಿದೆ. ಆದರೆ ಹಲ್ಲೇ ಕಾಣುತ್ತಿರಲಿಲ್ಲ. "ನಗಿ ಅತ್ತೆ" ಎಂದರೆ ಅವರು ಡಾಕ್ಟರಿಗೆ ತೋರಿಸುವಂತೆ ತುಟಿಯನ್ನು ಬೆರಳಿನಿಂದ ಮೇಲೆತ್ತಿ ತೋರಿಸಿದರು. "ಅಳಿಯಂದ್ರ ಎದುರಿಗೆ ಕೂತ್ರೆ ಡ್ರಿಲ್ ಕ್ಲಾಸಿಗೆ ನಿಂತಂಗಾಗುತ್ತೆ ಕಣೆ" ಎಂದು ಮಗಳ ಕಿವಿಯಲ್ಲಿ ಹೇಳಿದ್ದು ಬೀದಿಯವರಿಗೂ ಕೇಳಿಸಿತು. ಊಟಕ್ಕೆ ಎಣ್ಣೆಗಾಯಿ, ಕಡಲೆಬೇಳೆ ಪಾಯಸ. ಊಟವಾದ ಮೇಲೆ ನಾನು ಪತ್ರಿಕೆ ಹಿಡಿದು ಜಗುಲಿಯ ಕುರ್ಚಿಯಲ್ಲಿ ಕುಳಿತು ದೇಶದ ಸ್ಥಿತಿಗತಿಯ ಬಗ್ಗೆ ಯೋಚಿಸತೊಡಗಿದೆ. ಎಲ್ಲೋ ಬಹಳ ದೂರದಲ್ಲಿ, ಹೊಳೆಯ ಆಚೆ ದಡದಲ್ಲಿ ಎಂಬಂತೆ, ಇಬ್ಬರು ಹೆಂಗಸರು ನಗುವುದು ಕೇಳಿಸುತ್ತಿತ್ತು. ಯೋಚನೆ ಮುಗಿಸಿ ನೋಡುತ್ತೇನೆ, ಕ್ಯಾಮೆರಾ ಮಂಗಳಾಳ ಕೈಯಲ್ಲಿದೆ.

"ಇದರ ಕಿವಿ ತಿರುಗ್ತಾನೇ ಇಲ್ಲ ಕಣ್ರೀ" ಎಂದಳು.

"ರೀಲು ಮುಗಿದಿದೆ. ನೀನು ಯಾಕೆ ಮುಟ್ಟೋಕೆ ಹೋದೆ?"

"ಅಮ್ಮ ನಕ್ಕಳು. ಹಿಡ್ಕೊಂಡೆ. ಎರಡೂ ಹಲ್ಲು ಬಿಟ್ಟು, ಹೊಟ್ಟೆ ಹಿಡ್ಕೊಂಡು ನಕ್ಕಿದಾಳೆ. ಈ ಜನ್ಮದಲ್ಲಿ ನಾನು ನೋಡಿಲ್ಲ ಅವಳು ಹಾಗೆ ನಕ್ಕಿದ್ದು."

"ಅಂಥಾದ್ದೇನಾಯ್ತು?"

ತಾಯಿ ಮಗಳು ಮುಖ ಮುಖ ನೋಡಿಕೊಂಡು ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಫೋಟೊ ಬರ್ಲಿ, ನೋಡುವಿರಂತೆ" ಎಂದಳು ಮಂಗಳಾ. ಮರುವಾರವೇ ಹಲ್ಲುಗಳು ಹೋದವು. ಹೀಗಾಗಿ ಅತ್ತೆಯ ಆ ನಗುವಿಗೆ ಈ ಭೂಮಿಯ ಮೇಲೆ ಉಳಿದಿದ್ದ ವಿಳಾಸ ಒಂದೇ, ನನ್ನ ಕ್ಯಾಮೆರಾದೊಳಗಿನ ಆ ಫಿಲ್ಮ್ ಸುರುಳಿ.

ದುರ್ಗಿಗುಡಿಯಲ್ಲಿ ಸ್ಟುಡಿಯೊ ಇಟ್ಟುಕೊಂಡಿರುವ ನಾಗೇಶ ನನ್ನ ಹಳೆಯ ವಿದ್ಯಾರ್ಥಿ. ತಡವಾಗಿ ಬಂದದ್ದಕ್ಕೆ ನಾನು ಅವನನ್ನು ಮೈದಾನ ಸುತ್ತಿಸಿದಷ್ಟು ಬೇರೆ ಯಾರನ್ನೂ ಸುತ್ತಿಸಿಲ್ಲ. ಈಗ ಅವನಿಗೂ ತಲೆ ನರೆತಿದೆ. "ಫಿಲ್ಮ್ ತೊಳಿಯೋದಾ? ಅದನ್ನ ನಿಲ್ಲಿಸಿ ಯಾವ ಕಾಲ ಆಯ್ತು ಸಾರ್. ಬೆಂಗಳೂರಿಗೆ ಕೊರಿಯರ್ ಮಾಡ್ತೀನಿ, ಬಂದಾಗ ಬರುತ್ತೆ" ಎಂದ. ಜೊತೆಯಲ್ಲಿದ್ದ ಮಂಗಳಾ ಒಪ್ಪಲಿಲ್ಲ. "ನಮ್ಮಮ್ಮನ ಹಲ್ಲನ್ನ ಕೊರಿಯರ್‌ನಲ್ಲಿ ಕಳಿಸ್ತೀರಾ? ದಾರೀಲಿ ಕಳೆದ್ರೆ ಯಾರನ್ನ ಕೇಳೋದು?" ಎಂದಳು. ಆಗ ನನ್ನ ಬಾಯಿಂದ ಒಂದು ಮಾತು ಬಂತು: "ನಾನೇ ಮನೇಲಿ ತೊಳೀತೀನಿ." ಮಂಗಳಾ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. "ಹಾಳು ಮಾಡಲ್ಲ ತಾನೆ?" ಎಂದಳು, ಬಹಳ ಮೆತ್ತಗೆ. ಅವಳು ಜೋರಾಗಿ ಹೇಳಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ನಾಗೇಶ ಮಾತ್ರ ಹುರುಪಿನಿಂದ ಅಟ್ಟ ಹತ್ತಿ ಧೂಳು ಹಿಡಿದ ಒಂದು ಕಪ್ಪು ಡಬ್ಬಿ ಇಳಿಸಿಕೊಟ್ಟ. "ಮಾಡಿ ಸಾರ್, ಮಾಡಿ. ನಮ್ಮನ್ನ ರೌಂಡ್ ಹೊಡಿಸ್ತಿದ್ರಲ್ಲ, ಈಗ ಇದನ್ನ ಸುತ್ತಿ ನೋಡಿ. ಗೊತ್ತಾಗುತ್ತೆ."

ಡಬ್ಬಿಯೊಳಗೆ ಇರುವುದು ಸ್ಪೈರಲ್ ಎಂಬ ಒಂದು ಪ್ಲಾಸ್ಟಿಕ್ ಚಕ್ರ. ಎದುರುಬದುರು ನಿಂತ ಎರಡು ತಟ್ಟೆಗಳು. ತಟ್ಟೆಗಳ ಒಳಮೈಯಲ್ಲಿ ಚಕ್ಕುಲಿಯ ಹಾಗೆ ಸುತ್ತಿ ಸುತ್ತಿ ನಡುವಿಗೆ ಹೋಗುವ ಸಣ್ಣ ಗಾಡಿ, ಎಂದರೆ ಕೊರೆದ ಗೆರೆ. ಫಿಲ್ಮಿನ ತುದಿಯನ್ನು ಆ ಗಾಡಿಗೆ ಸಿಕ್ಕಿಸಿ, ಬಲಗೈ ತಟ್ಟೆಯನ್ನು ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ ಆಡಿಸಿದರೆ ಫಿಲ್ಮು ತಾನಾಗಿ ಒಳಗೆ ತೆವಳುತ್ತದೆ. ಸುತ್ತಿಗೂ ಸುತ್ತಿಗೂ ನಡುವೆ ಸಂದು ಇರಬೇಕು. ಒಂದಕ್ಕೊಂದು ಅಂಟಿದರೆ ಅಲ್ಲಿಗೆ ಚಿತ್ರ ಮೂಡಿಸುವ ಡೆವಲಪರ್ ನೀರು ತಾಗುವುದಿಲ್ಲ, ಅಲ್ಲಿದ್ದ ಚಿತ್ರ ಹೋಯಿತು ಎಂದೇ ಲೆಕ್ಕ. ಇಷ್ಟೇ. ಮಗುವೂ ಮಾಡಬಹುದು. ಆದರೆ ಇದೆಲ್ಲವನ್ನೂ ಒಂದು ಸೂಜಿಮೊನೆಯಷ್ಟು ಬೆಳಕೂ ಇಲ್ಲದ ಕಗ್ಗತ್ತಲಲ್ಲಿ ಮಾಡಬೇಕು. ಸುತ್ತಿದ ಚಕ್ರವನ್ನು ಡಬ್ಬಿಯೊಳಗೆ ಇಳಿಸಿ ಮುಚ್ಚಳ ತಿರುಗಿಸಿದ ಮೇಲಷ್ಟೇ ದೀಪ.

ನಾಗೇಶ ಕೊಟ್ಟ ಒಂದು ಹಾಳು ಫಿಲ್ಮಿನಿಂದ ನಾನು ಕ್ರಮಬದ್ಧವಾಗಿ ಅಭ್ಯಾಸ ಆರಂಭಿಸಿದೆ. ಮೊದಲು ಕಣ್ಣು ಬಿಟ್ಟು, ಆಮೇಲೆ ಕಣ್ಣು ಮುಚ್ಚಿ. ರವೀಂದ್ರನಗರದ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಬೆಳಗಿನ ಹೊತ್ತು ಕಣ್ಣು ಮುಚ್ಚಿ ಕುಳಿತು, ಎರಡು ಕೈಗಳನ್ನು ಎದೆಯ ಮುಂದೆ ಹಿಡಿದು, ಮುಂದಕ್ಕೆ ಹಿಂದಕ್ಕೆ ಆಡಿಸುತ್ತ "ಏಕ್, ದೋ" ಎಂದು ಗೊಣಗುತ್ತಿದ್ದೆ. ವಾಕಿಂಗ್ ಹೋಗುವವರು ಕೈಮುಗಿದು ಮುಂದೆ ಹೋಗುತ್ತಿದ್ದರು. ನಾಲ್ಕು ಮನೆ ಆಚೆಯ ಬಸವರಾಜಪ್ಪನವರು ಮಾತ್ರ ಒಂದು ದಿನ ಗೇಟು ತೆಗೆದುಕೊಂಡು ಒಳಗೆ ಬಂದರು. "ಮೇಷ್ಟ್ರೇ, ಇದು ಯಾವ ಆಸನ? ಭುಜದ ನೋವಿಗೆ ಆಗುತ್ತಾ?" ಎಂದರು. ಫಿಲ್ಮಿನ ವಿಷಯವನ್ನು ನಾನು ವಿವರವಾಗಿ ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಹೇಳೋಕೆ ಇಷ್ಟವಿಲ್ಲ ಅಂದ್ರೆ ಬಿಡಿ ಮಾರಾಯ್ರೇ" ಎಂದು ಬೇಜಾರು ಮಾಡಿಕೊಂಡು ಹೋದರು. ಮರುದಿನದಿಂದ ಪಾರ್ಕಿನ ಬೆಂಚಿನ ಮೇಲೆ ಅವರೂ ಅವರ ಇಬ್ಬರು ಗೆಳೆಯರೂ ಕಣ್ಣು ಮುಚ್ಚಿ ಗಾಳಿಯಲ್ಲಿ ಕೈ ತಿರುಗಿಸುತ್ತಿದ್ದರು. ಭುಜಕ್ಕೆ ಬಹಳ ಆರಾಮವಿದೆಯಂತೆ.

ನಮ್ಮ ಮನೆಯಲ್ಲಿ ಕಿಟಕಿಯಿಲ್ಲದ ಜಾಗ ಮೆಟ್ಟಿಲ ಕೆಳಗಿನ ಉಗ್ರಾಣ ಒಂದೇ. ಅಕ್ಕಿಯ ಸ್ಟೀಲ್ ಡ್ರಮ್ಮು, ಉಪ್ಪಿನಕಾಯಿ ಜಾಡಿ, ಮಡಿಸಿಟ್ಟ ಕಂಬಳಿಗಳು, ಒಂದು ಸ್ಟೂಲು. ಡ್ರಮ್ಮಿನ ಮೇಲೆ ಟವೆಲ್ ಹಾಸಿ ನನ್ನ ಮೇಜು ಮಾಡಿಕೊಂಡೆ. ಬಾಗಿಲ ಸಂದಿಗೆ ಹಳೆಯ ಪಂಚೆ ತುರುಕಿದೆ. ಸ್ಪೈರಲ್ಲಿಗೆ ತೇವ ಆಗುವುದಿಲ್ಲ, ಚೂರು ಪಸೆಯಿದ್ದರೂ ಫಿಲ್ಮು ನಡುದಾರಿಯಲ್ಲಿ ಮುಷ್ಕರ ಹೂಡುತ್ತದೆ. ಆದ್ದರಿಂದ ಆ ದಿನ ಬೆಳಿಗ್ಗೆ ಎಲ್ಲ ಸಾಮಾನುಗಳನ್ನೂ ತೊಳೆದು ಮಹಡಿಯ ಮೇಲೆ, ಮಂಗಳಾ ಸಂಡಿಗೆ ಹಾಕಿದ್ದ ಚಾಪೆಯ ಪಕ್ಕದಲ್ಲಿ ಬಿಸಿಲಿಗೆ ಸಾಲಾಗಿ ಇಟ್ಟಿದ್ದೆ. ಊಟವಾದ ಮೇಲೆ ತಂದೆ. ಬೀದಿಯೆಲ್ಲ ಸದ್ದಡಗಿರುತ್ತದೆ, ಯಾರೂ ಬೆಲ್ ಒತ್ತುವುದಿಲ್ಲ ಎಂದು ಆ ಹೊತ್ತನ್ನೇ ಆರಿಸಿಕೊಂಡದ್ದು. ಒಳಗೆ ಹೋಗುವಾಗ ಮಂಗಳಾ ದೇವರ ಮುಂದೆ ಒಂದು ಊದುಬತ್ತಿ ಹಚ್ಚಿದ್ದು ವಾಸನೆಯಿಂದ ಗೊತ್ತಾಯಿತು.

ದೀಪ ಆರಿಸಿದೆ. ಕತ್ತಲೆ ಎಂದರೆ ಬರೀ ಬೆಳಕಿಲ್ಲದಿರುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲ. ಅದಕ್ಕೆ ತನ್ನದೇ ಒಂದು ಮೈ ಇದೆ, ಸ್ವಲ್ಪ ಬೆಚ್ಚಗೆ, ಸ್ವಲ್ಪ ಮೆತ್ತಗೆ. ಕಣ್ಣಿನ ಮುಂದೆ ಹಿಡಿದ ಕೈ ಕಾಣುವುದಿಲ್ಲ, ಆದರೂ ಕಾಣುತ್ತಿದೆ ಎಂದು ಮನಸ್ಸು ಹಟ ಹಿಡಿಯುತ್ತದೆ. ಕೋಣೆಯ ಗೋಡೆಗಳು ಒಂದೊಂದಾಗಿ ಹಿಂದಕ್ಕೆ ಸರಿದು ಎಲ್ಲೋ ಹೋಗಿಬಿಡುತ್ತವೆ. ಅಕ್ಕಿಯ ವಾಸನೆ, ಉಪ್ಪಿನಕಾಯಿಯ ಇಂಗಿನ ವಾಸನೆ, ಕಂಬಳಿಯ ಉಣ್ಣೆಯ ವಾಸನೆ, ಒಂದೊಂದೂ ಮುಂದೆ ಬಂದು ನಿಂತು ತನ್ನ ಹೆಸರು ಹೇಳುತ್ತದೆ. ನಾನು ಫಿಲ್ಮಿನ ಡಬ್ಬಿಯ ತಲೆ ಎತ್ತಿದೆ, ಸುರುಳಿ ತೆಗೆದೆ, ತುದಿ ಕತ್ತರಿಸಿ ಗಾಡಿಗೆ ಸಿಕ್ಕಿಸಿದೆ. ಬೆರಳುಗಳು ಯಾರನ್ನೂ ಕೇಳದೆ ತಮ್ಮ ಕೆಲಸ ತಾವು ಮಾಡುತ್ತಿದ್ದವು. ಪಾಟಿಚೀಲ ತಡಕುತ್ತಿದ್ದ ಆ ಹಳೆಯ ಬೆರಳುಗಳೇ. ಮುಂದಕ್ಕೆ, ಹಿಂದಕ್ಕೆ. ಟಿಕ್ ಟಿಕ್ ಎಂದು ಸದ್ದು ಮಾಡುತ್ತ ಫಿಲ್ಮು ಒಳಗೆ ಹೋಗುತ್ತಿತ್ತು, ರಾತ್ರಿ ಮಲಗಿದಾಗ ದೂರದಲ್ಲಿ ಹಾದುಹೋಗುವ ರೈಲಿನ ಹಾಗೆ. ಒಂದು ಕಡೆಯೂ ತಡೆಯಲಿಲ್ಲ. ಕೊನೆಯ ತುದಿಯನ್ನು ಕತ್ತರಿಸಿ, ಚಕ್ರವನ್ನು ಹಿಡಿದುಕೊಂಡು, ನನ್ನನ್ನು ನಾನೇ ಮೆಚ್ಚಿಕೊಂಡು, ಮುಚ್ಚಳಕ್ಕೆ ಕೈ ಚಾಚಿದೆ.

ಮುಚ್ಚಳ ಇರಲಿಲ್ಲ.

ಟವೆಲಿನ ಮೇಲೆ ಕತ್ತರಿ ಇತ್ತು, ಡಬ್ಬಿ ಇತ್ತು, ಡಬ್ಬಿಯ ನಡುವಿನ ಕೊಳವೆ ಇತ್ತು. ಎಲ್ಲವೂ ಸಾಲಾಗಿದ್ದವು. ಸಾಲಿನ ಕೊನೆಯ ಜಾಗ ಖಾಲಿ.

"ಮಂಗಳಾ!"

"ಏನ್ರೀ? ಆಯ್ತಾ?"

"ಬಾಗಿಲು ತೆಗೀಬೇಡ! ಕರೀ ಮುಚ್ಚಳ ಹೊರಗೆಲ್ಲಾದ್ರೂ ಇದೆಯಾ ನೋಡು. ಲಾಳಿಕೆ ತರ ಇರುತ್ತೆ."

"ಓ ಅದಾ? ಸಂಡಿಗೆ ಚಾಪೆ ಹತ್ರ ಒಣಗ್ತಾ ಇದೆಯಲ್ಲ. ನೀವೇ ಇಟ್ಟಿದ್ದು, ಬಿಸಿಲು ಚೆನ್ನಾಗಿ ಬೀಳ್ಲಿ ಅಂತ ಸಾಲಿನಿಂದ ಆಚೆ."

"ಹೋಗಿ ತಗೊಂಡು ಬಾ ಮಾರಾಯ್ತಿ. ಬೇಗ."

"ತಂದು? ಬಾಗಿಲು ತೆಗೀಬಾರ್ದು ಅಂತೀರಿ. ಕೀ ತೂತಿನಲ್ಲಿ ಕೊಡ್ಲಾ?"

ಅದು ಯೋಚಿಸಬೇಕಾದ ವಿಷಯವೇ. "ಮೊದಲು ತಾ" ಎಂದೆ. ಅವಳ ಹೆಜ್ಜೆಗಳು ನನ್ನ ತಲೆಯ ಮೇಲಿನ ಮೆಟ್ಟಿಲುಗಳನ್ನು ಹತ್ತಿ ಹೋದವು. ಮಹಡಿಯಲ್ಲಿ ಪಕ್ಕದ ಮನೆಯ ಶಾರದಮ್ಮನವರ ದನಿ ಕೇಳಿಸಿತು. ಶಾರದಮ್ಮನವರು ಸಂಡಿಗೆಯಿಂದ ಆರಂಭಿಸಿದರೆ ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ, ಸೊಸೆ ಎಂಬ ಕ್ರಮದಲ್ಲಿ ಹೋಗುತ್ತಾರೆ. ನಡುವೆ ನಿಲ್ಲಿಸಲು ಬರುವುದಿಲ್ಲ. ನಾನು ಸ್ಟೂಲಿನ ಮೇಲೆ ಕುಳಿತು, ಗೋಡೆಗೆ ಒರಗಿ, ಚಕ್ರವನ್ನು ತೊಡೆಯ ಮೇಲೆ ಎರಡು ಕೈಯಲ್ಲಿ ಹಿಡಿದುಕೊಂಡು ಕಾದೆ. ಅತ್ತೆಯ ಹಲ್ಲು ನನ್ನ ಕೈಯಲ್ಲಿವೆ, ಅಲ್ಲಾಡಬಾರದು ಎಂದುಕೊಂಡೆ. ಕಣ್ಣು ಬಿಟ್ಟಿದ್ದರೂ ಅಷ್ಟೇ, ಮುಚ್ಚಿದರೂ ಅಷ್ಟೇ ಎಂಬುದು ಹೊಳೆಯಿತು. ಮುಚ್ಚಿದೆ. ಯೋಚನೆ ಮಾಡತೊಡಗಿದೆ.

ಯೋಚನೆಯಲ್ಲಿ ಫಿಲ್ಮು ಚಕ್ರದಿಂದ ಬಿಚ್ಚಿಕೊಂಡು ಉದ್ದವಾಗಿ ಹಾಸಿಕೊಂಡು ಭದ್ರಾವತಿಯ ರಸ್ತೆಯಾಯಿತು. ಅದರ ಕೊನೆಯಲ್ಲಿ ಕಾರ್ಖಾನೆಯ ಗೇಟು. ಗೇಟಿನ ಎರಡು ಬಿಳಿಯ ಕಂಬಗಳು ಅತ್ತೆಯ ಎರಡು ಹಲ್ಲುಗಳು. ಅವುಗಳ ನಡುವೆ ಶಿಫ್ಟಿನವರು ಸೈಕಲ್ಲಿನಲ್ಲಿ ಸಾಲಾಗಿ ಒಳಗೆ ಹೋಗುತ್ತಿದ್ದರು, ಬೆಲ್ಲು ಬಾರಿಸದೆ, ಮಾತಾಡದೆ. ಸಾಲು ಸರಿಪಡಿಸಲು ನಾನು ಸೀಟಿ ಬಾಯಿಗಿಟ್ಟೆ. ಅಷ್ಟರಲ್ಲಿ ಕೊನೆಯ ಸೈಕಲ್ಲಿನಿಂದ ಅಪ್ಪ ಇಳಿದು ನನ್ನ ಹತ್ತಿರ ಬಂದು, ತುಟಿಯ ಮೇಲೆ ಬೆರಳಿಟ್ಟು, "ಸದ್ದು ಮಾಡ್ಬೇಡ ಮಗಾ, ಯಾರೋ ಮಲಗಿದಾರೆ" ಎಂದ. ಯಾರು ಎಂದು ಕೇಳಬೇಕೆಂದಿದ್ದೆ.

"ರೀ..." ಎಂದು ಬಾಗಿಲಾಚೆಯಿಂದ ಬಹಳ ಮೆಲ್ಲಗೆ ದನಿ ಬಂತು. "ರೀ, ಗಾಬರಿ ಆಗ್ಬೇಡಿ. ಮೆಲ್ಲಗೆ ಏಳಿ."

"ಎದ್ದೇ ಇದೀನಿ" ಎಂದೆ. "ಯೋಚನೆ ಮಾಡ್ತಿದ್ದೆ."

"ಗೊತ್ತು. ನಿಮ್ಮ ಯೋಚನೆ ಬಾಗಿಲು ಅದುರಿಸ್ತಿತ್ತು."

ಆಗ ನನಗೆ ಗೊತ್ತಾಯಿತು, ನನ್ನ ಎರಡೂ ಕೈಗಳು ಖಾಲಿ ಇದ್ದವು.

ಆ ಕ್ಷಣವನ್ನು ನಾನು ವರ್ಣಿಸಲಾರೆ. ತೊಡೆಯ ಮೇಲೆ ಇಲ್ಲ. ಸ್ಟೂಲಿನ ಕೆಳಗೆ ಇಲ್ಲ. ಮಂಡಿಯೂರಿ ನೆಲವನ್ನು ತಡವಿದೆ. ಉಪ್ಪಿನಕಾಯಿ ಜಾಡಿ, ಪೊರಕೆ, ಯಾವುದೋ ಕಾಲದ ಒಂಟಿ ಬೂಟು. "ಏನಾಯ್ತು? ಏನ್ರೀ ಅದು ಸದ್ದು?" ಎಂದಳು ಮಂಗಳಾ. "ಏನಿಲ್ಲ" ಎಂದೆ. "ಬಿತ್ತಾ?" ಎಂದಳು. ನಾನು ತಡವುತ್ತಲೇ ಇದ್ದೆ. ಬಾಗಿಲಾಚೆ ಅವಳು ಸೆರಗಿನ ತುದಿ ಹಿಂಡುತ್ತಿರುವುದು ನನಗೆ ಕಂಡಿತು, ಆ ಕಗ್ಗತ್ತಲಲ್ಲಿ ಸ್ಪಷ್ಟವಾಗಿ ಕಂಡದ್ದು ಅದೊಂದೇ. ಕೊನೆಗೆ ಮೇಲೇಳಲು ಉಟ್ಟಿದ್ದ ಪಂಚೆ ಎತ್ತಿ ಹಿಡಿದಾಗ ಅದರ ಮಡಿಕೆಯೊಳಗೆ ಏನೋ ಗಟ್ಟಿಯಾಗಿ ಕೈಗೆ ತಾಗಿತು. ಜೋಳಿಗೆಯಲ್ಲಿ ಮಗು ಮಲಗಿದ ಹಾಗೆ ಚಕ್ರ ಪಂಚೆಯ ಮಡಿಲಲ್ಲಿ ಸುಖವಾಗಿ ಕುಳಿತಿತ್ತು. ಫಿಲ್ಮಿನ ತುದಿ ತಡವಿದೆ. ಗಾಡಿಯಲ್ಲೇ ಇತ್ತು.

"ಇದೆ" ಎಂದೆ. ಹೊರಗೆ ಉಸಿರು ಬಿಟ್ಟದ್ದು ಕೇಳಿಸಿತು.

"ಹಾಗಾದ್ರೆ ಕೇಳಿ. ಅದನ್ನ ಡಬ್ಬೀಲಿಟ್ಟು, ಡಬ್ಬೀನ ಅಕ್ಕಿ ಡ್ರಮ್ಮಿಗೆ ಹಾಕಿ, ಡ್ರಮ್ಮಿನ ಮುಚ್ಚಳ ಒತ್ತಿ ಮುಚ್ಚಿ. ಆಮೇಲೆ ಬಾಗಿಲು ತೆಗೆದು ಇದನ್ನ ತಗೊಳ್ಳಿ, ಮತ್ತೆ ಬಾಗಿಲು ಹಾಕ್ಕೊಳ್ಳಿ."

"ಡ್ರಮ್ಮಿನೊಳಗೆ ಬೆಳಕು ಹೋಗಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?"

"ಇರುವೆ ಹೋಗಲ್ಲ ಅದರೊಳಗೆ. ಇರುವೆ ಹೋಗದ ಕಡೆ ಬೆಳಕು ಹೋಗುತ್ತೇನ್ರೀ?"

ಭೌತಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಬಹುದು, ನಾನು ಡ್ರಮ್ಮಿನ ಮೇಲಿನ ಟವೆಲ್ ಸರಿಸಿದೆ. ಹೀಗೆ ಅತ್ತೆಯ ನಗು ಸ್ವಲ್ಪ ಹೊತ್ತು ಸೋನಾ ಮಸೂರಿಯಲ್ಲಿ ಹುದುಗಿ ಕುಳಿತಿತ್ತು. ನಾನು ಬಾಗಿಲು ತೆಗೆದಾಗ ಮಂಗಳಾ ಹೊರಗೆ ಚಾಪೆ ಹಾಸಿಕೊಂಡು ಕೂತಿದ್ದಳು, ಪಕ್ಕದಲ್ಲಿ ಅರ್ಧ ಕಟ್ಟಿದ ಮಲ್ಲಿಗೆಯ ಮಾಲೆ. ಬಹಳ ಹೊತ್ತಿನಿಂದ ಕೂತಿದ್ದಳೆಂದು ಮಾಲೆಯ ಉದ್ದವೇ ಹೇಳುತ್ತಿತ್ತು. "ಆಗಲೇ ಕರೀಬಾರ್ದಿತ್ತಾ?" ಎಂದೆ. "ಬೆಚ್ಚಿಬಿದ್ದು ಕೈಲಿದ್ದದ್ದು ಬಿಟ್ಟುಬಿಡ್ತೀರಿ ಅಂತ ಸುಮ್ನೆ ಕೂತೆ. ಕಡಲೆ ಬೇಯಕ್ಕಿಟ್ಟಿದ್ದೆ, ಕುಕ್ಕರ್ ಕೂಗಿದ್ರೆ ಏಳ್ತೀರಿ ಅಂತ ಒಲೇನೂ ಆರಿಸಿ ಬಂದೆ" ಎಂದಳು. ನಾನು ಮುಚ್ಚಳ ಇಸಿದುಕೊಂಡು ಬಾಗಿಲು ಹಾಕಿಕೊಂಡೆ.

ಸಂಜೆಯ ಹೊತ್ತಿಗೆ ಫಿಲ್ಮು ತೊಳೆದು, ಬಟ್ಟೆ ಕ್ಲಿಪ್ಪಿನಿಂದ ಬಚ್ಚಲಮನೆಯ ತಂತಿಗೆ ನೇತುಹಾಕಿದ್ದಾಯಿತು. ಇಬ್ಬರೂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ನೆಗೆಟಿವ್ ಎಂದರೆ ಎಲ್ಲವೂ ತಿರುಗುಮುರುಗು ತಾನೆ. ಅತ್ತೆಯ ಬೆಳ್ಳನೆಯ ಕೂದಲು ಅಲ್ಲಿ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು, ಮದುವೆಯಾಗದ ಹುಡುಗಿಯ ಹಾಗೆ. ಹಣೆಯ ವಿಭೂತಿ ಮಸಿಯ ಗೆರೆಯಾಗಿತ್ತು. ಬಾಯಿ ಅಗಲವಾಗಿ ತೆರೆದಿತ್ತು, ನಡುವೆ ಕಪ್ಪಗೆ ಎರಡು ಹಲ್ಲು. "ಬಂದಿದೆ!" ಎಂದು ಮಂಗಳಾ ನನ್ನ ತೋಳು ಹಿಡಿದುಕೊಂಡಳು. ನನ್ನ ಕಣ್ಣು ಮಾತ್ರ ಬೇರೆ ಕಡೆ ಇತ್ತು. ಅದೇ ಚಿತ್ರದ ಬಲಬದಿಯಲ್ಲಿ ಒಂದು ಬಿಳಿಯ ಗುಂಡನೆಯ ಮಚ್ಚೆ. ಸುತ್ತುವಾಗ ಅಲ್ಲಿ ಫಿಲ್ಮು ಫಿಲ್ಮಿಗೆ ಅಂಟಿಕೊಂಡು ಡೆವಲಪರ್ ತಾಗಿಲ್ಲ ಎಂದು ನನಗೆ ಖಾತ್ರಿಯಾಯಿತು. ಚಕ್ರ ಪಂಚೆಗೆ ಜಾರಿದಾಗಲೇ ಆಗಿರಬೇಕು. ಮಂಗಳಾಳಿಗೆ ಹೇಳಲು ಬಾಯಿ ಬರಲಿಲ್ಲ. ಅವಳು ಆ ಮಚ್ಚೆಯನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು, ಏನೂ ಹೇಳದೆ ಕಾಫಿ ಮಾಡಲು ಹೋದಳು. ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ.

ಮರುದಿನ ನಾಗೇಶನ ಹತ್ತಿರ ಒಬ್ಬನೇ ಹೋದೆ. "ನೋಡಪ್ಪಾ, ಈ ಕಡೆ ಒಂದು ಕಲೆ ಆಗಿದೆ. ಅದನ್ನ ಕಂಪ್ಯೂಟರಿನಲ್ಲಿ ಹೇಗಾದರೂ ತೆಗೆಯೋಕಾಗುತ್ತಾ?" ಎಂದೆ. ಅವನು ನೆಗೆಟಿವನ್ನು ಯಂತ್ರದೊಳಗೆ ಇಟ್ಟು, ಪರದೆಯ ಮೇಲೆ ಚಿತ್ರವನ್ನು ತಿರುಗಿಸಿ ದೊಡ್ಡದು ಮಾಡಿದ. ಆಮೇಲೆ ಬಹಳ ಹೊತ್ತು ಪರದೆಯನ್ನೇ ನೋಡುತ್ತ ಕುಳಿತ. ಅವನ ಭುಜ ಕುಲುಕತೊಡಗಿತು.

"ಸಾರ್... ಇದು ಕಲೆ ಅಲ್ಲ ಸಾರ್."

"ಮತ್ತೇನು?"

"ಬಾಯಿ ಸಾರ್. ತಮ್ಮದೇ."

ಪರದೆಯ ಮೇಲೆ ಎಡಗಡೆ ಅತ್ತೆ ಬೆಂಚಿನ ಮೇಲೆ ಕುಳಿತು, ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಕೈ ಬಲಗಡೆಗೆ ತೋರಿಸುತ್ತ, ಎರಡೂ ಹಲ್ಲು ಹೊಳೆಯಿಸುತ್ತ ನಗುತ್ತಿದ್ದರು. ಬಲಗಡೆಯ ಕುರ್ಚಿಯಲ್ಲಿ, ಎದೆಯ ಮೇಲೆ ಪತ್ರಿಕೆ ಹರಡಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಹಳೆಯ ಬಾವಿಯ ಹಾಗೆ ಬಾಯಿ ತೆರೆದುಕೊಂಡು ಒಬ್ಬ ಮನುಷ್ಯ ಯೋಚನೆ ಮಾಡುತ್ತಿದ್ದ. ಡೆವಲಪರ್ ಎಲ್ಲ ಕಡೆಯೂ ಚೆನ್ನಾಗಿಯೇ ತಾಗಿತ್ತು. ಆ ರೀಲಿನಲ್ಲಿ ಅಷ್ಟು ಸ್ಪಷ್ಟವಾಗಿ ಬಂದ ಚಿತ್ರ ಇನ್ನೊಂದಿಲ್ಲ. "ತೆಗೀಲಾ ಸಾರ್ ಕಲೆ?" ಎಂದ ನಾಗೇಶ, ಕಣ್ಣೊರೆಸಿಕೊಳ್ಳುತ್ತ. ಆ ಕಲೆ ತೆಗೆದರೆ ಅತ್ತೆ ಏನನ್ನು ತೋರಿಸಿ ನಗುತ್ತಿದ್ದಾರೆ ಎಂಬುದಕ್ಕೆ ಅರ್ಥವೇ ಇರುತ್ತಿರಲಿಲ್ಲ. "ಇರ್ಲಿ ಬಿಡು" ಎಂದೆ.

ಈಗ ಆ ಚಿತ್ರ ದೊಡ್ಡದಾಗಿ ಕಟ್ಟು ಹಾಕಿಸಿಕೊಂಡು ಜನ್ನಾಪುರದ ಮನೆಯ ಜಗುಲಿಯಲ್ಲಿದೆ. ಅತ್ತೆ ಹೊಸ ಸೆಟ್ಟಿನ ಅಷ್ಟೂ ಹಲ್ಲು ತೋರಿಸುತ್ತ ಬಂದವರಿಗೆಲ್ಲ ವಿವರಿಸುತ್ತಾರೆ. "ಇವು ನನ್ ಹಳೇ ಹಲ್ಲು. ಇವ್ರು ನಮ್ ಅಳಿಯಂದ್ರು. ಬಹಳ ಶಿಸ್ತು. ಹಗಲು ಮಲಗೋದೇ ಇಲ್ಲ."

ಇಷ್ಟಾದ ಮೇಲೂ ನಾನು ಅಭ್ಯಾಸ ಬಿಟ್ಟಿಲ್ಲ. ಫಿಲ್ಮು ಸುತ್ತುವ ಕೈಚಳಕ ದಿನಾ ಮಾಡದಿದ್ದರೆ ತಪ್ಪಿಹೋಗುತ್ತದೆ. ಆದ್ದರಿಂದ ಊಟವಾದ ಕೂಡಲೇ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ, ಸಂದಿಗೆ ಪಂಚೆ ತುರುಕಿ, ದೀಪ ಆರಿಸಿ ಕೂರುತ್ತೇನೆ. ಬಾಗಿಲು ತೆಗೆದರೆ ಬೆಳಕು ಬಿದ್ದು ಎಲ್ಲ ಹಾಳಾಗುತ್ತದೆಂದು ಮನೆಯಲ್ಲಿ ಎಲ್ಲರಿಗೂ ತಿಳಿದಿರುವುದರಿಂದ ಯಾರೂ ತೆಗೆಯುವುದಿಲ್ಲ. ಒಳಗೆ ಫಿಲ್ಮು ಇದೆಯೇ ಎಂದು ಮಂಗಳಾ ಒಂದು ದಿನವೂ ಕೇಳಿಲ್ಲ. ನಾನು ಹೊರಗೆ ಬರುವವರೆಗೆ ಕುಕ್ಕರೂ ಕೂಗುವುದಿಲ್ಲ. ನಿನ್ನೆ ಒಳಗೆ ಹೋದಾಗ ಸ್ಟೂಲಿನ ಪಕ್ಕದಲ್ಲಿ ಒಂದು ಚಾಪೆ, ಅದರ ಮೇಲೆ ಒಗೆದ ಕವರು ಹಾಕಿದ ಒಂದು ದಿಂಬು ಇದ್ದವು. ಬಾಗಿಲ ಸಂದಿಗೆ ಪಂಚೆ ಸಾಲುತ್ತಿಲ್ಲವೆಂದು ಮಂಗಳಾ ದಿಂಬು ಇಟ್ಟಿರಬೇಕು ಎಂದುಕೊಂಡು, ಅದನ್ನು ತಲೆಯ ಕೆಳಗೆ ಇಟ್ಟುಕೊಂಡೆ.